ಕ್ರಮವೆಂತೆಂದರೆ

ಚಿಂತಾಮಣಿಯ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಹೊಂಗೆಮರದ ಕೆಳಗೆ ನನ್ನ ಮೇಜು.
ಒಂದು ಕಾಲಿಗೆ ಇಟ್ಟಿಗೆ ಚೂರಿನ ಆಸರೆ.
ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಕೂತು
ಬೇರೆಯವರ ಸಂತೋಷ ಬರೆಯುತ್ತೇನೆ:
'ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ
ಬರೆಸಿಕೊಟ್ಟ ಪತ್ರದ ಕ್ರಮವೆಂತೆಂದರೆ—'
ಆಮೇಲೆ ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಕಾಲುವೆ,
ಉತ್ತರಕ್ಕೂ ದಕ್ಷಿಣಕ್ಕೂ ದಾಯಾದಿಗಳು.

ಸಂತೆಯ ಮರುದಿನ ಬಂದಳು ಪಿಳ್ಳಕ್ಕ.
ಸೆರಗಿಗೆ ಇನ್ನೂ ಕುರಿಯ ವಾಸನೆ.
'ನಾಲ್ಕು ಟಗರು ಮಾರಿದೆ ಸ್ವಾಮಿ, ನಿನ್ನೆ,
ಟವೆಲಿನ ಮರೆಯಲ್ಲಿ ಬೆರಳು ಹಿಡಿದು.
ಬಾಯಿಯೂ ಬಿಡಲಿಲ್ಲ ಅವನು, ನಾನೂ ಬಿಡಲಿಲ್ಲ.
ವ್ಯಾಪಾರ ಆಗೋಯ್ತು.
ಅದು ನಡೆಯುತ್ತೆ ಅಂದ್ರೆ
ನನ್ನ ತಮ್ಮ ಬಾಯಿಬಿಟ್ಟು ಹೇಳಿದ್ದು
ಯಾಕೆ ನಡೆಯಲ್ಲ?'

ಹೇಳಿದ್ದನಂತೆ ಗಂಗುಲಪ್ಪ,
ಸ್ವಂತ ದುಡಿಮೆಯಲ್ಲಿ ಕೊಂಡ ಹೊಲದ ಬದುವಿನಲ್ಲಿ ನಿಂತು
ತೆಲುಗಿನಲ್ಲಿ: 'ಈ ಮೂಲ ನೀದೇ ಅಕ್ಕಾ.'
ಮೂರು ಗುಂಟೆ.
ಅಂದೇ ಅಲ್ಲೊಂದು ನುಗ್ಗೆಯ ಕೊಂಬೆ ನೆಟ್ಟಳು.
ಅದು ಎರಡು ಸಲ ಕಾಯಿ ಬಿಟ್ಟಿತು,
ಆಮೇಲೆ ಅವನು ಹೋದ.

ಮಕ್ಕಳೇನೂ ಸುಳ್ಳು ಹೇಳುವವರಲ್ಲ.
'ಅಪ್ಪ ಹೇಳಿದ್ದು ನಿಜ ಅತ್ತೆ' ಎಂದರಂತೆ,
'ನಾವೂ ಕೇಳಿಸಿಕೊಂಡಿದ್ದೇವೆ.
ಪತ್ರ ಎಲ್ಲಿದೆ?'

ನಾನೆಂದೆ: ಕುರಿ ನಡೆದು ಹೋಗುತ್ತೆ ಪಿಳ್ಳಕ್ಕ,
ಯಾರ ಹಿಂದೆ ಹೋಯಿತೆಂದು ಊರು ನೋಡುತ್ತೆ.
ನೆಲ ಇದ್ದಲ್ಲೇ ಇರುತ್ತೆ,
ಯಾರು ಕರೆದರೂ ಓಗೊಡುವುದಿಲ್ಲ.
ಅದಕ್ಕೇ ಅದನ್ನು ದಾನ ಕೊಡುವಾಗ
ಕಾಗದ ಬೇಕು, ಸಹಿ ಬೇಕು, ಇಬ್ಬರು ಸಾಕ್ಷಿ ಬೇಕು,
ಒಳಗೆ ಆ ಕಿಟಕಿಯಲ್ಲಿ ಮೊಹರು ಬೀಳಬೇಕು.
'ಪ್ರೀತಿ ವಿಶ್ವಾಸದಿಂದ' ಎಂಬ ಮಾತನ್ನೂ ಸೇರಿಸುತ್ತೇವೆ,
ಆದರೆ ಪ್ರೀತಿ ಒಂದನ್ನೇ ತಂದರೆ
ಒಳಗಿನವರು ವಾಪಸು ಕಳಿಸುತ್ತಾರೆ.

'ಹಾಗಾದರೆ ಈಗ ಬರಿ. ಅವನು ಹೇಳಿದ ಹಾಗೇ ಬರಿ.'

ಸತ್ತವರ ಸ್ವಸಂತೋಷ ಬರೆಯಲು ಬರುವುದಿಲ್ಲ ಎಂದೆ.
ಹುಡುಗರು ಮನಸ್ಸು ಮಾಡಿದರೆ ಅವರೇ ಬರೆದುಕೊಡಬಹುದು ಎಂದೆ.
ಅವಳು ನಕ್ಕಳೋ, ಬಿಸಿಲಿಗೆ ಮುಖ ಕಿವುಚಿದಳೋ.
ಸೆರಗಿನ ಗಂಟು ಬಿಚ್ಚಿ ಕೇಳಿದಳು:
'ಬರೆಯದೇ ಇದ್ದುದಕ್ಕೆ ಎಷ್ಟು?'
ಬೇಡ ಎಂದೆ.
ಹೊರಟವಳು ತಿರುಗಿ ನಿಂತು,
'ಬದುಕಿರುವಾಗಲೇ ಬರೀಬೇಕು ಅನ್ನು' ಎಂದಳು,
ನನಗಲ್ಲ, ಮೇಜಿನ ಕಾಲಿನ ಇಟ್ಟಿಗೆಗೆ ಹೇಳಿದಂತೆ.

ಮಧ್ಯಾಹ್ನ ಒಂದು ಭೋಗ್ಯಪತ್ರ, ಎರಡು ಅಫಿಡವಿಟ್ಟು.

ಐದು ಗಂಟೆಗೆ ದಸ್ತಗೀರ್ ಸಾಬರು
ನೂಲಿನ ಮೂಟೆಯ ಸೈಕಲ್ ತಳ್ಳಿಕೊಂಡು ಹಾದುಹೋದರು.
ಎಂದಿನಂತೆ ಕೈ ಹಣೆಗೆ ತಂದು ಮುಂದೆ ನಡೆದರು.
ಹನ್ನೊಂದು ವರ್ಷದ ಹಿಂದೆ, ನನ್ನವಳ ಆಪರೇಷನ್ನಿಗೆ,
ನಲವತ್ತು ಸಾವಿರ ಎಣಿಸಿ ಕೊಟ್ಟವರು.
ಚೀಟಿ ಬರೆಯಲು ಹೋದರೆ ಕೈ ಹಿಡಿದಿದ್ದರು:
'ಪತ್ರ ಬರೆಯೋನ ಹತ್ತಿರ ಪತ್ರ ಬರೆಸೋದಾ?'

ಇಂಥ ಸಾಲಕ್ಕೆ ಕಾನೂನಿನ ನೆನಪು ಮೂರು ವರ್ಷ.
ಅದು ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು.
ಆ ಮೂರು ಮುಗಿದ ದಿನ ನಾನು
ಕ್ಯಾಲೆಂಡರ್ ನೋಡಿದ್ದೆ. ನೋಡಿ ಮಡಚಿಟ್ಟಿದ್ದೆ.
ಮಿಕ್ಕ ಎಂಟು ವರ್ಷವೂ ಅವರ ಸಲಾಮಿಗೆ
ತಲೆಯಾಡಿಸಿದ್ದೇನೆ, ಟೀ ಕುಡಿಸಿದ್ದೇನೆ.
ಅವಧಿ ಮೀರಿದ ಸಾಲ
ಬಾಯಿಮಾತಿಗೆ ಎದ್ದು ಕೂರುವುದಿಲ್ಲ.
ಕೊಡಬೇಕಾದವನೇ ತೀರಿಸುತ್ತೇನೆಂದು ಬರೆದು
ಸಹಿ ಹಾಕಿದರೆ ಮಾತ್ರ ಅದಕ್ಕೆ ಮತ್ತೆ ಉಸಿರು.

ಜೆರಾಕ್ಸಿನವನು ಷಟರ್ ಎಳೆದ.
ನಾನು ಒಂದು ಹಾಳೆ ತೆಗೆದೆ.
'ಸ್ವಸಂತೋಷದಿಂದ' ಎಂಬಲ್ಲಿ ಪೆನ್ನು ನಿಂತಿತು,
ಇಷ್ಟು ವರ್ಷದಲ್ಲಿ ಮೊದಲ ಸಲ.
ಆ ಪದ ಬಿಟ್ಟು ಮುಂದೆ ಹೋದೆ.
ನಲವತ್ತು ಸಾವಿರವನ್ನು ಮೊದಲು ಅಂಕಿಯಲ್ಲಿ ಬರೆದು,
ಎಲ್ಲರಿಗೂ ಹೇಳುವ ಹಾಗೆ,
ಪಕ್ಕದಲ್ಲಿ ಅಕ್ಷರದಲ್ಲೂ ಬರೆದೆ,
ಮುಂದೆ ಯಾರೂ ತಿದ್ದದಂತೆ.
ನಾನೂ.